ಒಂದು ನಿಂತರೆ ಮುಂದೇನು ನಿಲ್ಲುತ್ತದೆ? ಸರಣಿ ಕುಸಿತಗಳಿಗೆ ದೇಶವನ್ನು ಜಿಲ್ಲೆಯಿಂದಲೇ ಸಜ್ಜುಗೊಳಿಸುವ ಕ್ರಮ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮಳೆನೀರಿನಲ್ಲಿ ಮುಳುಗಿ, ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. ಅದೇ ದಿನಗಳಲ್ಲಿ ನಗರದ ಹಲವು ಭಾಗಗಳ ನಲ್ಲಿಗಳಲ್ಲಿ ಕುಡಿಯುವ ನೀರೂ ಬರಲಿಲ್ಲ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿರುವ ಕಾವೇರಿ ಪಂಪಿಂಗ್ ಕೇಂದ್ರಕ್ಕೆ ನೆರೆನೀರು ನುಗ್ಗಿ ಯಂತ್ರಗಳು ನಿಂತುಹೋಗಿದ್ದವು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಏರಿ ಬರುತ್ತದೆ. ಈ ಸಾಲಿನ ಒಂದು ಕೊಂಡಿ ಕಳಚಿದರೆ ಉಳಿದೆಲ್ಲವೂ ಸುಸ್ಥಿತಿಯಲ್ಲಿದ್ದರೂ ಪ್ರಯೋಜನವಿಲ್ಲ.

ದೇಶದ ಭದ್ರತೆ ಎಂದಾಗ ಗಡಿ, ಸೇನೆ, ಗುಪ್ತಚರ ದಳ ನೆನಪಾಗುವುದು ಸಹಜ. ಆದರೆ ವಿದ್ಯುತ್, ನೀರು, ದೂರವಾಣಿ, ಇಂಧನ, ಔಷಧ, ಹಣ ಪಾವತಿ ಇವು ಒಂದನ್ನೊಂದು ಆಧರಿಸಿ ನಿಂತಿರುವ ಕಾಲದಲ್ಲಿ, ಶತ್ರುವಿನ ಕೈವಾಡದಿಂದಾಗಲಿ, ಪ್ರಕೃತಿಯಿಂದಾಗಲಿ, ಬರಿಯ ತಾಂತ್ರಿಕ ದೋಷದಿಂದಾಗಲಿ ಒಂದು ಕಡೆ ಬಿದ್ದ ಪೆಟ್ಟು ಹತ್ತು ಕಡೆ ನಾಟುತ್ತದೆ. ಇಂತಹ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ದೆಹಲಿಯ ಆದೇಶದಿಂದ ಮಾತ್ರ ಹುಟ್ಟುವುದಿಲ್ಲ. ಯಾವ ಪಂಪು ಯಾವ ಫೀಡರ್ (ಸಬ್‌ಸ್ಟೇಷನ್ನಿನಿಂದ ವಿದ್ಯುತ್ ಹಂಚುವ ತಂತಿ ಮಾರ್ಗ) ಮೇಲಿದೆ ಎಂದು ಬಲ್ಲವರು ಇರುವುದು ಜಿಲ್ಲೆಯಲ್ಲಿ, ತಾಲ್ಲೂಕಿನಲ್ಲಿ. ಆದ್ದರಿಂದ ಜಿಲ್ಲಾಡಳಿತ, ನಗರಸಭೆ, ಗ್ರಾಮ ಪಂಚಾಯಿತಿ, ಆಸ್ಪತ್ರೆ, ದೊಡ್ಡ ಬಡಾವಣೆಗಳ ಸಂಘ ಇವುಗಳಲ್ಲಿ ಹೊಣೆ ಹೊತ್ತವರನ್ನು ಉದ್ದೇಶಿಸಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಸೇವೆಗಳಿಂದ ಆರಂಭಿಸಿ

ನಮ್ಮ ವಿಪತ್ತು ಯೋಜನೆಗಳು ಸಾಮಾನ್ಯವಾಗಿ ಅಪಾಯಗಳ ಪಟ್ಟಿಯಿಂದ ತೊಡಗುತ್ತವೆ: ನೆರೆ, ಬರ, ಭೂಕುಸಿತ, ಬೆಂಕಿ, ಸೈಬರ್ ದಾಳಿ, ಭಯೋತ್ಪಾದನೆ. ಪ್ರತಿಯೊಂದಕ್ಕೂ ಒಂದು ಅಧ್ಯಾಯ, ಪ್ರತಿ ಅಧ್ಯಾಯದ ಕೊನೆಗೆ ಅಧಿಕಾರಿಗಳ ದೂರವಾಣಿ ಸಂಖ್ಯೆಗಳು. ಮುಂದಿನ ಆಪತ್ತು ಈ ಪಟ್ಟಿಯಲ್ಲಿರುವ ಹೆಸರು ಹೊತ್ತೇ ಬರಬೇಕೆಂಬ ನಿಯಮವೇನೂ ಇಲ್ಲ. ಪಂಪ್‌ಹೌಸು ನೆರೆಯಿಂದ ನಿಲ್ಲಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟು ನಿಲ್ಲಬಹುದು, ಅದನ್ನು ನಡೆಸುವ ಕಂಪ್ಯೂಟರಿಗೆ ಯಾರೋ ನುಸುಳಿ ನಿಲ್ಲಿಸಬಹುದು. ಮೂರನೆಯ ದಿನ ಕೊಡ ಹಿಡಿದು ನಿಂತವರಿಗೆ ಕಾರಣ ಯಾವುದಾದರೂ ಒಂದೇ.

ಆದ್ದರಿಂದ ಮೊದಲು ಬರೆಯಬೇಕಾದದ್ದು ಜನರ ಜೀವ ಮತ್ತು ದಿನಚರಿ ನಿಂತಿರುವ ಸೇವೆಗಳ ಪಟ್ಟಿ. ಒಂದು ಜಿಲ್ಲೆಗೆ ಹತ್ತು ಹನ್ನೆರಡು ಹೆಸರು ಸಾಕು: ಕುಡಿಯುವ ನೀರು, ವಿದ್ಯುತ್, ಆಸ್ಪತ್ರೆಯ ಆಮ್ಲಜನಕ, ಡಯಾಲಿಸಿಸ್, 108 ಆಂಬುಲೆನ್ಸ್, ಮೊಬೈಲ್ ಜಾಲ, ಪೆಟ್ರೋಲ್ ಮತ್ತು ಡೀಸೆಲ್, ಅಡುಗೆ ಅನಿಲ, ಪಡಿತರ, ಹಾಲು, ಬ್ಯಾಂಕು ಮತ್ತು ಪಾವತಿ, ತ್ಯಾಜ್ಯ ವಿಲೇವಾರಿ. ಪ್ರತಿಯೊಂದರ ಎದುರಿಗೂ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಇದು ಎಷ್ಟು ಗಂಟೆ ನಿಂತರೆ ಮೊದಲ ಜೀವಹಾನಿ ಆಗಬಹುದು, ಎಷ್ಟು ಗಂಟೆ ನಿಂತರೆ ಜನ ಊರು ಬಿಡಲು ತೊಡಗುತ್ತಾರೆ?

ಈ ಗಂಟೆಗಳನ್ನು ಸಭಾಂಗಣದಲ್ಲಿ ಕುಳಿತು ತುಂಬಬಾರದು. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೊಠಡಿಯನ್ನೇ ತೆಗೆದುಕೊಳ್ಳಿ. ನಾಲ್ಕು ಗಂಟೆಯ ಒಂದು ಚಿಕಿತ್ಸೆಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಆ ಶುದ್ಧೀಕರಣ ಘಟಕಕ್ಕೆ ಅದಕ್ಕಿಂತ ಹೆಚ್ಚು ಕಚ್ಚಾ ನೀರು ಮತ್ತು ನಿರಂತರ ವಿದ್ಯುತ್ ಬೇಕು. ರೋಗಿ ವಾರಕ್ಕೆ ಎರಡು ಮೂರು ಸಲ ಬರಲೇಬೇಕು. ಹೀಗಾಗಿ ಆಸ್ಪತ್ರೆಯಲ್ಲಿ ಜನರೇಟರ್ ಇದ್ದೂ ಕೊಳವೆಬಾವಿಯ ಮೋಟಾರು ಆ ಜನರೇಟರಿನ ಸಂಪರ್ಕದಲ್ಲಿ ಇಲ್ಲದಿದ್ದರೆ ಡಯಾಲಿಸಿಸ್ ನಿಂತಂತೆಯೇ. ಇದನ್ನು ಹೇಳಬಲ್ಲವರು ಅಲ್ಲಿನ ತಂತ್ರಜ್ಞರು ಮತ್ತು ಎಲೆಕ್ಟ್ರಿಷಿಯನ್. ಅವರನ್ನು ಕೂರಿಸಿಕೊಂಡು ಬರೆದ ಒಂದು ಪುಟ, ಸಲಹೆಗಾರರು ಬರೆದುಕೊಟ್ಟ ಇನ್ನೂರು ಪುಟದ ವರದಿಗಿಂತ ಹೆಚ್ಚು ಬಾಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವಲಂಬನೆಯ ಸುತ್ತುಗಳನ್ನು ಹುಡುಕಿ

ಎರಡನೆಯ ಹೆಜ್ಜೆಯೇ ಇಡೀ ಕೆಲಸದ ತಿರುಳು. ಪಟ್ಟಿಯಲ್ಲಿರುವ ಪ್ರತಿ ಸೇವೆಯ ಹಿಂದೆ ಹೋಗಿ, ಅದು ಯಾವುದರಿಂದ ನಡೆಯುತ್ತದೆ, ಆ ಯಾವುದು ಮತ್ತೆ ಯಾವುದರಿಂದ ನಡೆಯುತ್ತದೆ ಎಂದು ಕೇಳುತ್ತ ಹೋಗಬೇಕು. ಕೆಲವು ಹೆಜ್ಜೆಗಳಾದ ಮೇಲೆ ಪ್ರಶ್ನೆ ಹೊರಟಲ್ಲಿಗೇ ಮರಳಿ ಬರುತ್ತದೆ. ವಿದ್ಯುತ್ ಹೋದರೆ ಲೈನ್‌ಮನ್‌ಗಳನ್ನು ಕರೆಯಬೇಕು; ಕರೆಯಲು ಮೊಬೈಲ್ ಬೇಕು; ಮೊಬೈಲ್ ಟವರಿನ ಬ್ಯಾಟರಿ ಕೆಲವು ಗಂಟೆ ಮಾತ್ರ ಬರುತ್ತದೆ, ಆಮೇಲೆ ಡೀಸೆಲ್ ಬೇಕು; ಬಂಕಿನ ನೆಲದಡಿಯ ಟ್ಯಾಂಕಿನಿಂದ ಡೀಸೆಲ್ ಮೇಲೆತ್ತಲು ವಿದ್ಯುತ್ ಬೇಕು; ಬಂಕಿನಲ್ಲಿ ಹಣ ಕೊಡಲು ಮತ್ತೆ ಮೊಬೈಲ್ ಬೇಕು. ಬಿಡಿಯಾಗಿ ನೋಡಿದರೆ ಪ್ರತಿ ಇಲಾಖೆಯೂ ತನ್ನ ಪರ್ಯಾಯ ವ್ಯವಸ್ಥೆ ಇದೆ ಎನ್ನುತ್ತದೆ, ಮತ್ತು ಅದು ನಿಜವೂ ಹೌದು. ಆದರೆ ಪ್ರತಿಯೊಬ್ಬರ ಪರ್ಯಾಯವೂ ಇನ್ನೊಬ್ಬರ ಸೇವೆಯನ್ನು ನೆಚ್ಚಿಕೊಂಡಿರುವುದು ಒಟ್ಟಿಗೆ ಕುಳಿತಾಗ ಮಾತ್ರ ಕಾಣುತ್ತದೆ.

ಇಂತಹ ಸುತ್ತು ಎಷ್ಟು ಘಾತಕವಾಗಬಲ್ಲದು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2021ರ ಫೆಬ್ರುವರಿಯಲ್ಲಿ ಆದದ್ದು ಸಾಕ್ಷಿ. ಕಡು ಚಳಿಯಲ್ಲಿ ವಿದ್ಯುತ್ ಉತ್ಪಾದನೆ ಕುಸಿದಾಗ ಜಾಲವನ್ನು ಉಳಿಸಲು ಹಲವು ಪ್ರದೇಶಗಳ ಸಂಪರ್ಕ ಕಡಿತಗೊಳಿಸಲಾಯಿತು. ಆ ಕಡಿತದಲ್ಲಿ ನೈಸರ್ಗಿಕ ಅನಿಲವನ್ನು ತೆಗೆದು ಸಾಗಿಸುವ ಘಟಕಗಳೂ ಸೇರಿಹೋದವು, ಏಕೆಂದರೆ ಅನೇಕ ಘಟಕಗಳು ತಾವು ಕಡಿತಗೊಳಿಸಬಾರದ ಗ್ರಾಹಕರೆಂದು ನೋಂದಾಯಿಸಿಕೊಂಡಿರಲಿಲ್ಲ. ಅನಿಲ ನಿಂತಾಗ ಅದನ್ನೇ ಉರಿಸುವ ವಿದ್ಯುತ್ ಸ್ಥಾವರಗಳೂ ನಿಂತವು, ಕತ್ತಲೆ ಇನ್ನಷ್ಟು ಹರಡಿತು. ಒಂದು ಅರ್ಜಿ ನಮೂನೆ ತುಂಬಿದ್ದರೆ ಆ ಹಾನಿಯ ಒಂದು ಪಾಲಾದರೂ ತಪ್ಪುತ್ತಿತ್ತು.

ಇದರಿಂದ ನಾಳೆಯೇ ಮಾಡಬಹುದಾದ ಕೆಲಸವೊಂದು ಹೊಳೆಯುತ್ತದೆ. ನಿಮ್ಮ ಎಸ್ಕಾಂನ (ವಿದ್ಯುತ್ ವಿತರಣಾ ಕಂಪನಿಯ) ಉಪವಿಭಾಗ ಕಚೇರಿಗೆ ಲಿಖಿತವಾಗಿ ಕೇಳಿ: ನಮ್ಮ ನೀರಿನ ಪಂಪ್‌ಹೌಸ್, ಆಸ್ಪತ್ರೆ, ಆಮ್ಲಜನಕ ಘಟಕ, ಹಾಲು ಶೀತಲೀಕರಣ ಕೇಂದ್ರ, ಮುಖ್ಯ ಮೊಬೈಲ್ ಟವರ್‌ಗಳು ಯಾವ ಯಾವ ಫೀಡರಿನ ಮೇಲಿವೆ? ಲೋಡ್ ಶೆಡ್ಡಿಂಗ್ ಮಾಡಬೇಕಾಗಿ ಬಂದರೆ ಆ ಫೀಡರುಗಳ ಸರದಿ ಎಷ್ಟನೆಯದು? ಆಸ್ಪತ್ರೆಯೂ ಅಂಗಡಿ ಸಾಲೂ ಒಂದೇ ಫೀಡರಿನಲ್ಲಿದ್ದರೆ ಆಸ್ಪತ್ರೆಯನ್ನು ಬೇರ್ಪಡಿಸಲು ಎಷ್ಟು ಖರ್ಚಾಗುತ್ತದೆ? ಉತ್ತರ ಬಂದಮೇಲೆ ಪಂಪ್‌ಹೌಸಿಗೆ ಖುದ್ದಾಗಿ ಹೋಗಿ ವಿದ್ಯುತ್ ಫಲಕ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ, ಆ ಊರಿನ ಹಿರಿಯರಿಂದ ಹಿಂದಿನ ದೊಡ್ಡ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ಗೋಡೆಯ ಮೇಲೆ ಗುರುತು ಹಾಕಿಸಿ. ಫಲಕವು ಗುರುತಿಗಿಂತ ಕೆಳಗಿದ್ದರೆ ನಿಮ್ಮ ಜಿಲ್ಲೆಯ ಮೊದಲ ಕಾಮಗಾರಿ ಯಾವುದೆಂದು ತಿಳಿದಂತಾಯಿತು.

ರಸ್ತೆಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಕರಾವಳಿಗೂ ಒಳನಾಡಿಗೂ ನಡುವೆ ಘಾಟಿಗಳು ಹಲವಿದ್ದರೂ ಮಳೆ ಅವನ್ನು ಒಂದೊಂದಾಗಿ ಹೊಡೆಯುವುದಿಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆ, ಶಿರಾಡಿ ಘಾಟಿ ರಸ್ತೆಗಳೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗವೂ ಒಂದೇ ಸಮಯದಲ್ಲಿ ಮುಚ್ಚಿದವು. ಮಂಗಳೂರಿನಿಂದ ಅನಿಲದ ಬುಲೆಟ್ ಟ್ಯಾಂಕರುಗಳು ಏರುವುದು ಇಂತಹ ಘಾಟಿಗಳಲ್ಲೇ. ಒಂದೇ ಕಾರಣಕ್ಕೆ ಒಟ್ಟಿಗೆ ಮುಚ್ಚಬಹುದಾದ ಎರಡು ದಾರಿಗಳನ್ನು ಯೋಜನೆಯಲ್ಲಿ ಒಂದೇ ದಾರಿ ಎಂದು ಎಣಿಸುವುದು ಸರಿ.

ದೊಡ್ಡ ಜಾಲದೊಳಗೆ ಚಿಕ್ಕ ದ್ವೀಪಗಳು

2012ರ ಜುಲೈ 30ರ ನಸುಕಿನಲ್ಲಿ ದೇಶದ ಉತ್ತರ ಗ್ರಿಡ್, ಅಂದರೆ ಉತ್ತರದ ರಾಜ್ಯಗಳನ್ನು ಬೆಸೆಯುವ ವಿದ್ಯುತ್ ಜಾಲ, ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳು ಒಟ್ಟಿಗೆ ಕುಸಿದು 60 ಕೋಟಿಗೂ ಹೆಚ್ಚು ಜನರ ಪ್ರದೇಶ ಕತ್ತಲಾಯಿತು. ಬಿನಾ–ಗ್ವಾಲಿಯರ್ ನಡುವಿನ 400 ಕೆ.ವಿ. ಮಾರ್ಗದ ಮೇಲೆ ಹೊರೆ ವಿಪರೀತವಾಗಿತ್ತು, ಪರ್ಯಾಯ ಮಾರ್ಗಗಳು ದುರಸ್ತಿಗೆಂದು ಮುಚ್ಚಿದ್ದವು, ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಳ್ಳುತ್ತಿದ್ದವು. ಇವುಗಳಲ್ಲಿ ಯಾವುದೊಂದೂ ಬಿಡಿಯಾಗಿ ಅಸಾಧಾರಣವಲ್ಲ. ಒಟ್ಟು ಸೇರಿದ್ದೇ ಕೇಡಾಯಿತು. ರೈಲುಗಳು ಹಳಿಯ ಮೇಲೆ ನಿಂತವು, ದೆಹಲಿ ಮೆಟ್ರೊ ನಿಂತಿತು, ಪಶ್ಚಿಮ ಬಂಗಾಳದ ಕಲ್ಲಿದ್ದಲು ಗಣಿಗಳಲ್ಲಿ ಲಿಫ್ಟುಗಳು ನಿಂತು ಕಾರ್ಮಿಕರು ಒಳಗೇ ಸಿಕ್ಕಿಕೊಂಡರು.

ಆ ದಿನ ಕರ್ನಾಟಕಕ್ಕೆ ಏನೂ ಆಗಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಒಂದೇ ತಾಳದಲ್ಲಿ ಇನ್ನೂ ಬೆಸೆದಿರಲಿಲ್ಲ. ಆ ಬೆಸುಗೆ ಆದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ. ಅಂದಿನಿಂದ ಬೇಸಿಗೆಯ ಕೊರತೆಯಲ್ಲಿ ಉತ್ತರದ ವಿದ್ಯುತ್ ನಮಗೆ ಹೆಚ್ಚು ಸುಲಭವಾಗಿ ಬರುತ್ತದೆ. ಉತ್ತರದ ಕುಸಿತವೂ ಅದೇ ತಂತಿಯಲ್ಲಿ ಬರಬಹುದು. ಬೆಸೆದದ್ದು ಸರಿಯಾದ ನಿರ್ಧಾರವೇ. ಅದರ ಜೊತೆಗೆ ಇರಲೇಬೇಕಾದ ವ್ಯವಸ್ಥೆ ಎಂದರೆ, ಗ್ರಿಡ್ ಅಲ್ಲಾಡುತ್ತಿದೆ ಎಂದು ತಿಳಿದ ಕ್ಷಣದಲ್ಲಿ ಒಂದು ಸ್ಥಾವರ ಮತ್ತು ಅದರ ಸುತ್ತಲಿನ ಅಗತ್ಯ ಹೊರೆ ಜಾಲದಿಂದ ತಾನಾಗಿ ಕಳಚಿಕೊಂಡು ದ್ವೀಪದಂತೆ ಸ್ವಂತವಾಗಿ ನಡೆಯುವುದು, ಮತ್ತು ಹೊರಗಿನ ವಿದ್ಯುತ್ತಿಲ್ಲದೆಯೇ ಚಾಲನೆಗೊಳ್ಳಬಲ್ಲ ಜಲವಿದ್ಯುತ್ ಘಟಕಗಳಿಂದ ಉಳಿದ ಸ್ಥಾವರಗಳನ್ನು ಎಬ್ಬಿಸುವುದು.

ರಾಜ್ಯ ಮಟ್ಟದಲ್ಲಿ ಇದನ್ನು ಮಾಡುವವರು ವಿದ್ಯುತ್ ಪ್ರಸರಣ ನಿಗಮ ಮತ್ತು ಪೂರೈಕೆ ಬೇಡಿಕೆಗಳನ್ನು ಸರಿದೂಗಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ. ಆದರೆ ತತ್ತ್ವ ಎಲ್ಲ ಮಟ್ಟಕ್ಕೂ ಒಂದೇ: ಕೂಡಿಕೊಂಡಿದ್ದು ದೊಡ್ಡದರ ಲಾಭ ಪಡೆಯಬೇಕು, ಕಳಚಿಕೊಂಡು ಕೆಲವು ದಿನ ಬದುಕಲು ಕಲಿತಿರಬೇಕು. ಪಂಚಾಯಿತಿಯ ಮಟ್ಟದಲ್ಲಿ ಇದು ಸೌರಶಕ್ತಿಯಿಂದ ನಡೆಯುವ ಒಂದು ಕೊಳವೆಬಾವಿ ಮತ್ತು ಓವರ್‌ಹೆಡ್ ಟ್ಯಾಂಕು. ಆರೋಗ್ಯ ಕೇಂದ್ರದ ಮಟ್ಟದಲ್ಲಿ ಲಸಿಕೆಯ ಫ್ರಿಜ್ಜಿಗೂ ಹೆರಿಗೆ ಕೊಠಡಿಗೂ ಸಾಕಾಗುವ ಬ್ಯಾಟರಿ. ಊರಿನ ಮಟ್ಟದಲ್ಲಿ ಹೂಳೆತ್ತಿ ಶುದ್ಧವಾಗಿಟ್ಟ ತೆರೆದ ಬಾವಿ. ಸೌರ ಫಲಕ ಹಾಕಿಸುವಾಗ ಒಂದು ಎಚ್ಚರ ಅಗತ್ಯ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಚಾವಣಿ ವ್ಯವಸ್ಥೆ, ಲೈನಿನ ಮೇಲೆ ಕೆಲಸ ಮಾಡುವವರ ಸುರಕ್ಷತೆಗಾಗಿ, ಗ್ರಿಡ್ ಹೋದೊಡನೆ ತಾನೂ ನಿಲ್ಲುವಂತೆ ರಚಿಸಲ್ಪಟ್ಟಿದೆ. ಆಪತ್ತಿನಲ್ಲಿ ಉಪಯೋಗಕ್ಕೆ ಬರಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕೆಂದು ಟೆಂಡರಿನಲ್ಲೇ ಬರೆಯಬೇಕು.

ದಾಸ್ತಾನು ಎಲ್ಲಿದೆ, ಎಷ್ಟು ದಿನಕ್ಕಿದೆ

ಆಪತ್ಕಾಲಕ್ಕೆಂದು ದೇಶ ಕಚ್ಚಾ ತೈಲವನ್ನು ವಿಶಾಖಪಟ್ಟಣದಲ್ಲಿ, ಮಂಗಳೂರಿನಲ್ಲಿ ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿಯ ಬಂಡೆಗಳೊಳಗೆ ಸಂಗ್ರಹಿಸಿಡುವ ವ್ಯವಸ್ಥೆ ಮಾಡಿದೆ. ಮಂಗಳೂರಿನ ಸಾಮರ್ಥ್ಯ 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್, ಮೂರೂ ಸೇರಿ 53.3 ಲಕ್ಷ ಟನ್. ಪೂರ್ತಿ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕಾಗುತ್ತದೆ; ತೈಲ ಕಂಪನಿಗಳ ಸ್ವಂತ ದಾಸ್ತಾನು ಅದರ ಮೇಲೆ. ಕರಾವಳಿಯ ಜನ ತಮ್ಮ ನೆಲದಡಿ ಇಡೀ ದೇಶದ ಆಪದ್ಧನ ಇದೆಯೆಂದು ಹೆಮ್ಮೆಪಡಬಹುದು. ಆದರೆ ಅದು ಕಚ್ಚಾ ತೈಲ. ಶುದ್ಧೀಕರಣಗೊಂಡು, ಘಾಟಿ ಹತ್ತಿ, ಬಂಕಿಗೆ ಇಳಿದು, ಆಸ್ಪತ್ರೆಯ ಜನರೇಟರಿಗೆ ಬೀಳುವವರೆಗೆ ಅದರಿಂದ ರೋಗಿಗೆ ಪ್ರಯೋಜನವಿಲ್ಲ. ರಾಷ್ಟ್ರೀಯ ದಾಸ್ತಾನು ಮತ್ತು ತಾಲ್ಲೂಕಿನ ದಾಸ್ತಾನು ಎರಡೂ ಬೇಕು.

ಲೆಕ್ಕವನ್ನು ನೇರವಾಗಿ ಮಾಡೋಣ. ಗಂಟೆಗೆ 20 ಲೀಟರ್ ಡೀಸೆಲ್ ಉರಿಸುವ ಜನರೇಟರ್ 72 ಗಂಟೆ ನಡೆಯಲು 1,440 ಲೀಟರ್ ಬೇಕು. 200 ಲೀಟರಿನ ಡ್ರಮ್ಮುಗಳಾದರೆ ಏಳು ತುಂಬಿ ಎಂಟನೆಯದಕ್ಕೂ ಕೈ ಹಾಕಬೇಕು. ಅಷ್ಟನ್ನು ಆಸ್ಪತ್ರೆಯ ಆವರಣದಲ್ಲೇ ಇಡಲು ಬೆಂಕಿಯ ಸುರಕ್ಷತೆಯ ನಿಯಮಗಳೂ ಸ್ಥಳವೂ ಒಪ್ಪದಿದ್ದರೆ, ಹತ್ತಿರದ ಎರಡು ಬಂಕುಗಳೊಂದಿಗೆ ಜಿಲ್ಲಾಡಳಿತ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು: ಇಷ್ಟು ಲೀಟರ್ ಯಾವಾಗಲೂ ಮೀಸಲು, ಬಂಕಿನಲ್ಲಿ ಸ್ವಂತ ಜನರೇಟರ್ ಇರುವುದು ಕಡ್ಡಾಯ, ಹಣ ಪಾವತಿ ತಿಂಗಳ ಬಿಲ್ಲಿನಲ್ಲಿ. ಡೀಸೆಲ್ ವರ್ಷಗಟ್ಟಲೆ ಕೆಡದೆ ಇರುವ ವಸ್ತುವಲ್ಲವಾದ್ದರಿಂದ ಹಳೆಯದನ್ನು ಇಲಾಖೆಯ ವಾಹನಗಳಿಗೆ ಬಳಸಿ ಹೊಸದನ್ನು ತುಂಬುವ ಕ್ರಮವೂ ಒಪ್ಪಂದದಲ್ಲಿರಲಿ.

ಆಮ್ಲಜನಕದ ವಿಷಯದಲ್ಲಿ ಕರ್ನಾಟಕ ತೆತ್ತ ಬೆಲೆ ಮರೆಯುವಂಥದ್ದಲ್ಲ. 2021ರ ಮೇ ಆರಂಭದಲ್ಲಿ, ಕೋವಿಡ್ಡಿನ ಎರಡನೆಯ ಅಲೆಯ ನಡುವೆ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ದಿನದ ಅವಧಿಯೊಳಗೆ 24 ರೋಗಿಗಳು ಸತ್ತರು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಗುರುತಿಸಿತು. ಸಿಲಿಂಡರುಗಳು ಮೈಸೂರಿನಿಂದ ಬರಬೇಕಿತ್ತು. ಒಂದು ಜಿಲ್ಲೆಯ ಉಸಿರು ಇನ್ನೊಂದು ಜಿಲ್ಲೆಯಿಂದ ಬರುವ ಲಾರಿಯನ್ನು ನೆಚ್ಚಿಕೊಂಡಿದ್ದಾಗ, ಬೇಡಿಕೆ ಏರಿದ ದಿನ ಎರಡೂ ಜಿಲ್ಲೆಗಳಿಗೆ ಏಕಕಾಲಕ್ಕೆ ಬೇಕಾಗುತ್ತದೆ ಎಂಬುದನ್ನು ಯೋಜನೆಯಲ್ಲಿ ಮೊದಲೇ ಬರೆದಿಡಬೇಕು. ಆ ನಂತರ ಅನೇಕ ಆಸ್ಪತ್ರೆಗಳಲ್ಲಿ ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಘಟಕಗಳು ಬಂದಿವೆ. ನಿಮ್ಮ ಆಸ್ಪತ್ರೆಯ ಘಟಕ ಕಳೆದ ಬಾರಿ ಯಾವಾಗ ಪೂರ್ಣ ಪ್ರಮಾಣದಲ್ಲಿ ನಡೆಯಿತು, ಅದರ ನಿರ್ವಹಣಾ ಒಪ್ಪಂದದ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ವಿಚಾರಿಸಿ ನೋಡಿ.

ಫಿನ್ಲೆಂಡ್ 1993ರಿಂದ ರಾಷ್ಟ್ರೀಯ ತುರ್ತು ಪೂರೈಕೆ ಸಂಸ್ಥೆಯೊಂದನ್ನು ನಡೆಸುತ್ತಿದೆ. ಧಾನ್ಯ, ಇಂಧನ, ಔಷಧಗಳ ದಾಸ್ತಾನಿಗಿಂತಲೂ ಅಲ್ಲಿ ನಾವು ಕಲಿಯಬೇಕಾದದ್ದು, ಖಾಸಗಿ ಕಂಪನಿಗಳನ್ನು ಕ್ಷೇತ್ರವಾರು ಒಟ್ಟುಗೂಡಿಸಿ ಶಾಂತಿಕಾಲದಲ್ಲೇ ಯೋಜನೆ ಮಾಡುವ ಪದ್ಧತಿ. ಮನೆಗಳಿಗೂ ಅಲ್ಲಿ ಹೇಳಿಕೊಡುತ್ತಾರೆ: ಕನಿಷ್ಠ 72 ಗಂಟೆ ಹೊರಗಿನ ಸಹಾಯವಿಲ್ಲದೆ ಇರಲು ಸಿದ್ಧರಾಗಿರಿ. ನಮ್ಮ ಹಳ್ಳಿಯ ಮನೆಗಳಲ್ಲಿ ಅಕ್ಕಿ, ರಾಗಿ, ಜೋಳ, ಬೇಳೆ, ಉಪ್ಪಿನಕಾಯಿ ಇದ್ದೇ ಇರುತ್ತವೆ. ಕೊರತೆ ಕಾಣುವುದು ನಗರದ ಮನೆಗಳಲ್ಲಿ, ಅದರಲ್ಲೂ ಕುಡಿಯುವ ನೀರು, ನಿತ್ಯದ ಮಾತ್ರೆ, ಟಾರ್ಚು ಮತ್ತು ನಗದಿನಲ್ಲಿ.

ಕಂಪ್ಯೂಟರ್ ನಿಂತ ದಿನ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ, ಸುಮಾರು ಎರಡು ವಾರ ನೋಂದಣಿಯಿಂದ ಪ್ರಯೋಗಾಲಯದ ವರದಿಯವರೆಗೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. 2024ರ ಜುಲೈ 19ರಂದು ದಾಳಿಯೇ ಇಲ್ಲದೆ, ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಎರಡೂ ಪ್ರಸಂಗಗಳಲ್ಲಿ ಕೆಲಸ ಪೂರ್ತಿ ನಿಲ್ಲದಂತೆ ಕಾಯ್ದದ್ದು ಕಾಗದ, ಪೆನ್ನು ಮತ್ತು ಹಳೆಯ ಪದ್ಧತಿ ಗೊತ್ತಿದ್ದ ಸಿಬ್ಬಂದಿ.

ಉಕ್ರೇನ್‌ನಲ್ಲಿ 2015ರ ಡಿಸೆಂಬರ್ 23ರಂದು ದಾಳಿಕೋರರು ವಿದ್ಯುತ್ ವಿತರಣಾ ಕಂಪನಿಗಳ ಕಂಪ್ಯೂಟರುಗಳಿಗೆ ನುಸುಳಿ ಸುಮಾರು 2.25 ಲಕ್ಷ ಗ್ರಾಹಕರ ಸಂಪರ್ಕ ಕಡಿದರು. ಸಿಬ್ಬಂದಿ ಸಬ್‌ಸ್ಟೇಷನ್ನುಗಳಿಗೆ ಧಾವಿಸಿ ಬ್ರೇಕರುಗಳನ್ನು ಕೈಯಿಂದಲೇ ಹಾಕಿ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿಸಿದರು. ಅಲ್ಲಿ ಕೈಯಿಂದ ನಡೆಸುವ ಉಪಕರಣಗಳನ್ನು ಇನ್ನೂ ಕಿತ್ತುಹಾಕಿರಲಿಲ್ಲ. ಹಾಗಾಗಿ ಯಾವುದೇ ಪಂಪ್‌ಹೌಸ್, ಸಬ್‌ಸ್ಟೇಷನ್, ಅಣೆಕಟ್ಟೆಯ ಗೇಟನ್ನು ಸ್ವಯಂಚಾಲಿತಗೊಳಿಸುವ ಗುತ್ತಿಗೆಗೆ ಸಹಿ ಹಾಕುವ ಮುನ್ನ, ಕೈಯಿಂದ ನಡೆಸುವ ಸೌಲಭ್ಯ ಉಳಿಯಬೇಕು ಮತ್ತು ಅದನ್ನು ಬಲ್ಲ ಇಬ್ಬರು ಪ್ರತಿ ಪಾಳಿಯಲ್ಲೂ ಇರಬೇಕು ಎಂಬ ಷರತ್ತನ್ನು ಸೇರಿಸಿ. ನಿವೃತ್ತಿಯ ಹೊಸ್ತಿಲಲ್ಲಿರುವ ಆಪರೇಟರುಗಳಿಂದ ಕಿರಿಯರಿಗೆ ಈ ವಿದ್ಯೆ ದಾಟಿಸುವುದನ್ನು ಅಧಿಕೃತ ಕರ್ತವ್ಯವನ್ನಾಗಿ ಮಾಡಿ.

ಆಸ್ಪತ್ರೆ, ತಾಲ್ಲೂಕು ಕಚೇರಿ, ನ್ಯಾಯಬೆಲೆ ಅಂಗಡಿ, ಸಹಕಾರಿ ಬ್ಯಾಂಕುಗಳಲ್ಲಿ ಒಂದು ತಗಡಿನ ಪೆಟ್ಟಿಗೆ ಇಡಿಸಿ. ಅದರಲ್ಲಿ ಒಂದು ವಾರಕ್ಕೆ ಸಾಕಾಗುವಷ್ಟು ಮುದ್ರಿತ ನಮೂನೆಗಳು, ಕಾರ್ಬನ್ ಹಾಳೆ, ಮೊಹರು, ಮತ್ತು ಕಂಪ್ಯೂಟರಿನ ಕ್ರಮಸಂಖ್ಯೆಯೊಂದಿಗೆ ಬೆರೆಯದಂತೆ ಬೇರೆ ಅಕ್ಷರದಿಂದ ತೊಡಗುವ ಸಂಖ್ಯೆಗಳ ರಿಜಿಸ್ಟರ್ ಇರಲಿ. ವ್ಯವಸ್ಥೆ ಮರಳಿದ ಮೇಲೆ ಈ ದಾಖಲೆಗಳನ್ನು ಯಾರು, ಎಷ್ಟು ದಿನದೊಳಗೆ ಕಂಪ್ಯೂಟರಿಗೆ ಏರಿಸಬೇಕೆಂದು ಮುಚ್ಚಳದ ಒಳಬದಿಯಲ್ಲಿ ಬರೆದು ಅಂಟಿಸಿ.

ದತ್ತಾಂಶದ ವಿಷಯದಲ್ಲಿ ನಿಯಮ ಹಳೆಯದು ಮತ್ತು ಸರಳ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಮತ್ತು ಜಾಲದಿಂದ ಪೂರ್ತಿ ಬೇರ್ಪಟ್ಟು. 2007ರಲ್ಲಿ ವಾರಗಟ್ಟಲೆ ಸೈಬರ್ ದಾಳಿಗೆ ಗುರಿಯಾದ ಎಸ್ಟೋನಿಯಾ, ಮುಂದೆ ತನ್ನ ಸರ್ಕಾರಿ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್ ದೇಶದಲ್ಲಿ, ರಾಯಭಾರ ಕಚೇರಿಗೆ ಸಮನಾದ ರಕ್ಷಣೆಯೊಂದಿಗೆ ಇಟ್ಟಿತು. ನಮ್ಮ ನಗರಸಭೆಗೆ ಅಷ್ಟು ದೂರ ಹೋಗಬೇಕಿಲ್ಲ, ಬ್ಯಾಕಪ್ಪನ್ನು ಆರು ತಿಂಗಳಿಗೊಮ್ಮೆ ನಿಜವಾಗಿ ಮರಳಿ ತೆರೆದು ನೋಡಿದರೆ ಸಾಕು; ತೆರೆದು ನೋಡದ ಬ್ಯಾಕಪ್ಪನ್ನು ಇದೆಯೆಂದು ಲೆಕ್ಕಕ್ಕೆ ಹಿಡಿಯಬೇಡಿ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ದೇಶದ ಸೈಬರ್ ತುರ್ತು ಸ್ಪಂದನೆಯ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಮತ್ತು ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂಬುದು 2022ರ ಏಪ್ರಿಲ್‌ನ ನಿರ್ದೇಶನ. ಮುಜುಗರಕ್ಕೆ ಹೆದರಿ ಮುಚ್ಚಿಡುವುದರಿಂದ ಪಕ್ಕದ ಜಿಲ್ಲೆಯೂ ಅದೇ ದಾಳಿಗೆ ಈಡಾಗುತ್ತದೆ.

ಪಾವತಿಯ ಬಗ್ಗೆ ಒಂದು ಮಾತು ಸಾಕು. 2025ರ ಮಾರ್ಚ್ 26ರಂದೂ ಏಪ್ರಿಲ್ 12ರಂದೂ ಯುಪಿಐ ದೇಶದಾದ್ಯಂತ ತಡವರಿಸಿತು. ಔಷಧದಂಗಡಿ, ಬಂಕು, ಹಾಲಿನ ಬೂತುಗಳು ಇಂತಹ ದಿನ ನಗದು ಅಥವಾ ಸಾಲದ ಚೀಟಿಯಲ್ಲಿ ವ್ಯವಹರಿಸಲು ಜಿಲ್ಲಾಡಳಿತ ಮೊದಲೇ ಸೂಚನೆ ಕೊಟ್ಟಿರಬೇಕು.

ಸುದ್ದಿ ಹೋಗುವ ದಾರಿ, ವದಂತಿ ಬರುವ ದಾರಿ

2012ರ ಆಗಸ್ಟ್ ಮಧ್ಯದಲ್ಲಿ ಬೆಂಗಳೂರಿನ ರೈಲು ನಿಲ್ದಾಣ ಈಶಾನ್ಯ ರಾಜ್ಯಗಳ ಜನರಿಂದ ತುಂಬಿಹೋಯಿತು. ಅವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಎಂಎಸ್ ಸಂದೇಶಗಳು ಹರಡಿ, ಸಾವಿರಾರು ಮಂದಿ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳಿಸದಂತೆ ಮಿತಿ ಹಾಕಬೇಕಾಯಿತು. ವದಂತಿಯ ಹಿಂದೆ ನಿಜವಾದ ದಾಳಿ ಇರಲಿಲ್ಲ, ಆದರೆ ಹೆದರಿದವರ ಹೆದರಿಕೆ ನಿಜವಾಗಿತ್ತು, ಮತ್ತು ಅವರು ಬಿಟ್ಟುಹೋದ ಹೋಟೆಲು, ಕಾವಲು, ಬ್ಯೂಟಿ ಪಾರ್ಲರ್ ಕೆಲಸಗಳೂ ನಿಂತವು.

ಸುದ್ದಿಗೆ ಕಡಿವಾಣ ಹಾಕುವುದು ಕೊನೆಯ ಉಪಾಯ. ಮೊದಲಿನದು, ಆಪತ್ತಿಗೆ ಮುಂಚೆಯೇ ಪ್ರತಿ ಸಮುದಾಯದೊಳಗೆ ಜನ ನಂಬುವವರನ್ನು ಗುರುತಿಸಿ ಅವರೊಂದಿಗೆ ಪರಿಚಯ ಇಟ್ಟುಕೊಳ್ಳುವುದು. ವಲಸೆ ಕಾರ್ಮಿಕರ ಮೇಸ್ತ್ರಿ, ಹಾಸ್ಟೆಲ್ ವಾರ್ಡನ್, ಮಸೀದಿಯ ಮುತವಲ್ಲಿ, ಮಠದ ವ್ಯವಸ್ಥಾಪಕರು, ಚರ್ಚಿನ ಪಾದ್ರಿಗಳು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಪ್ರತಿನಿಧಿಗಳು, ಇವರ ಪಟ್ಟಿ ಠಾಣೆಯಲ್ಲೂ ಪಂಚಾಯಿತಿಯಲ್ಲೂ ಇರಬೇಕು ಮತ್ತು ವರ್ಷಕ್ಕೆರಡು ಬಾರಿ ಅವರನ್ನು ಕರೆದು ಮಾತಾಡಬೇಕು. ಅಧಿಕಾರಿಗಳು ತಮಗೆ ಗೊತ್ತಿರುವುದನ್ನು, ಇನ್ನೂ ಗೊತ್ತಾಗದಿರುವುದನ್ನು, ಮುಂದಿನ ಮಾಹಿತಿ ಎಷ್ಟು ಗಂಟೆಗೆ ಬರುತ್ತದೆಂಬುದನ್ನು ಮೂರೂ ಹೇಳುವ ರೂಢಿ ಮಾಡಿಕೊಂಡರೆ ವದಂತಿಗೆ ಜಾಗ ಕಡಿಮೆಯಾಗುತ್ತದೆ. ಕನ್ನಡದ ಜೊತೆಗೆ ಆ ಊರಿನಲ್ಲಿ ಆಡುವ ಎಲ್ಲ ಭಾಷೆಗಳಲ್ಲೂ ಪ್ರಕಟಣೆ ಸಿದ್ಧವಿರಲಿ: ತುಳು, ಉರ್ದು, ಲಂಬಾಣಿ, ತೆಲುಗು, ಮರಾಠಿ, ಹಿಂದಿ, ಅಸ್ಸಾಮಿ, ಒಡಿಯಾ.

ಮುನ್ಸೂಚನೆಯ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಾಹಿತಿ ಪಡೆಯುತ್ತದೆ, ವರುಣಮಿತ್ರ ಸಹಾಯವಾಣಿಯ ಮೂಲಕ ರೈತರಿಗೆ ತಲುಪಿಸುತ್ತದೆ. 2023ರಿಂದ ಮೊಬೈಲುಗಳಿಗೆ ಒಮ್ಮೆಲೇ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆಯೂ ನಡೆದಿದೆ. ಟವರೇ ಸತ್ತಾಗ ಏನು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಪೊಲೀಸ್ ವೈರ್‌ಲೆಸ್, ಹ್ಯಾಮ್ ರೇಡಿಯೊ ಹವ್ಯಾಸಿಗಳು, ಬ್ಯಾಟರಿಯಿಂದ ನಡೆಯುವ ಧ್ವನಿವರ್ಧಕ, ಕೊನೆಗೆ ಡಂಗುರ, ಈ ಕ್ರಮವನ್ನು ಊರಿಗೊಬ್ಬರ ಹೆಸರಿನೊಂದಿಗೆ ಬರೆದಿಡಿ.

ಒಡಿಶಾದಲ್ಲಿ 1999ರ ಮಹಾ ಚಂಡಮಾರುತ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಚಂಡಮಾರುತ ಅಪ್ಪಳಿಸುವ ಮುನ್ನ ಸುಮಾರು 10 ಲಕ್ಷ ಜನರನ್ನು ತೆರವುಗೊಳಿಸಿದ್ದರಿಂದ ಸಾವುಗಳು ಕೆಲವು ಹತ್ತುಗಳಲ್ಲಿ ನಿಂತವು. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಅಲ್ಲಿ ಪ್ರತ್ಯೇಕ ವಿಪತ್ತು ಪ್ರಾಧಿಕಾರ ಬಂತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳು ಎದ್ದವು, ಊರೂರಿನ ಸ್ವಯಂಸೇವಕರು ತರಬೇತಾದರು. ಹೊರಡಿ ಎಂದಾಗ ಜನ ಹೊರಟದ್ದು, ಹೇಳಿದವರ ಮುಖ ಪರಿಚಯವಿದ್ದುದರಿಂದ ಕೂಡ.

ಅಣಕು ಕಾರ್ಯಾಚರಣೆಯನ್ನು ನಿಜದ ಹತ್ತಿರ ತನ್ನಿ

2025ರ ಮೇ 7ರಂದು ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆಗೆ ಕೇಂದ್ರ ಸೂಚಿಸಿತು. ನಮ್ಮಲ್ಲಿ ಬೆಂಗಳೂರು, ಕಾರವಾರ, ರಾಯಚೂರು ಪಟ್ಟಿಯಲ್ಲಿದ್ದವು. ಸೈರನ್ ಮೊಳಗಿಸುವುದು, ಸ್ಟ್ರೆಚರಿನಲ್ಲಿ ಹೊರುವುದು ಇವು ಬೇಕಾದ ಅಭ್ಯಾಸಗಳೇ. ಅವುಗಳ ಜೊತೆಗೆ, ಒಂದು ಸೇವೆಯನ್ನು ನಿಜವಾಗಿ ನಿಲ್ಲಿಸಿ ನೋಡುವ ಅಭ್ಯಾಸವೂ ಬೇಕು. ರೋಗಿಗಳ ಸುರಕ್ಷತೆಗೆ ವೈದ್ಯರ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಮುಖ್ಯ ಸ್ವಿಚ್ಚನ್ನು ಒಂದು ಗಂಟೆ ತೆಗೆದರೆ, ಜನರೇಟರ್ ಎಷ್ಟು ಸೆಕೆಂಡಿಗೆ ಹಿಡಿಯಿತು, ಯಾವ ವಾರ್ಡಿಗೆ ಹೋಗಲಿಲ್ಲ, ಬೀಗದ ಕೈ ಯಾರ ಮನೆಯಲ್ಲಿತ್ತು ಎಂಬುದೆಲ್ಲ ಹೊರಬೀಳುತ್ತದೆ. ನಗರಸಭೆಯಲ್ಲಿ ಅರ್ಧ ದಿನ ಕಂಪ್ಯೂಟರ್ ಮುಟ್ಟದೆ ಕೆಲಸ ಮಾಡಿ ನೋಡಿ. ಎಲ್ಲ ಅಧಿಕಾರಿಗಳನ್ನೂ ಮೊಬೈಲ್ ಬಳಸದೆ ಒಂದೆಡೆ ಸೇರಿಸಲು ಎಷ್ಟು ಹೊತ್ತು ಬೇಕಾಗುತ್ತದೆಂದು ಅಳೆಯಿರಿ.

ತಪ್ಪು ಕಂಡವರನ್ನು ದಂಡಿಸಿದರೆ ಮುಂದಿನ ಅಭ್ಯಾಸದಲ್ಲಿ ಯಾರೂ ತಪ್ಪು ತೋರಿಸುವುದಿಲ್ಲ. ಆದ್ದರಿಂದ ಅಭ್ಯಾಸದ ವರದಿಯಲ್ಲಿ ಹೆಸರುಗಳ ಬದಲು ದೋಷ, ದುರಸ್ತಿ, ಗಡುವು ಮಾತ್ರ ಇರಲಿ. ನಿಜವಾದ ಘಟನೆ ನಡೆದ ಮೇಲೂ ಇದೇ ಕ್ರಮ, ತಿಂಗಳೊಳಗೆ, ಸಾರ್ವಜನಿಕವಾಗಿ.

ಕಾನೂನಿನ ಆಸರೆ, ಹಣದ ದಾರಿ

ಇಷ್ಟಕ್ಕೆಲ್ಲ ಅಧಿಕಾರ ಎಲ್ಲಿಂದ ಎಂಬ ಸಂಶಯ ಬೇಡ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷರಾಗಿ, ಜಿಲ್ಲಾ ಪಂಚಾಯಿತಿಯ ಚುನಾಯಿತ ಅಧ್ಯಕ್ಷರು ಸಹ ಅಧ್ಯಕ್ಷರಾಗಿ ಇರುವ ಪ್ರಾಧಿಕಾರವನ್ನು ರಚಿಸಿದೆ. 31ನೇ ಕಲಮು ಜಿಲ್ಲಾ ಯೋಜನೆಯನ್ನು ಕಡ್ಡಾಯಗೊಳಿಸಿ ವರ್ಷವರ್ಷವೂ ಪರಿಶೀಲಿಸಬೇಕೆನ್ನುತ್ತದೆ. 2025ರ ತಿದ್ದುಪಡಿಯಿಂದ ರಾಜಧಾನಿಗಳಿಗೂ ಮಹಾನಗರ ಪಾಲಿಕೆಯಿರುವ ನಗರಗಳಿಗೂ ಪ್ರತ್ಯೇಕ ನಗರ ವಿಪತ್ತು ಪ್ರಾಧಿಕಾರ ರಚಿಸಲು ಅವಕಾಶವಾಗಿದೆ. ನಾನು ಮೇಲೆ ಹೇಳಿದ ಸೇವೆಗಳ ಪಟ್ಟಿ, ಅವಲಂಬನೆಯ ನಕ್ಷೆ, ಗಂಟೆಗಳ ಲೆಕ್ಕ ಇವನ್ನು ಈ ಯೋಜನೆಯ ಅನುಬಂಧವಾಗಿಯೇ ಸೇರಿಸಬಹುದು. ಹೊಸ ಸಮಿತಿ ಬೇಕಾಗುವುದಿಲ್ಲ. ಯಾವ ಸಬ್‌ಸ್ಟೇಷನ್ ಕೆಟ್ಟರೆ ಎಲ್ಲೆಲ್ಲಿ ಕತ್ತಲಾಗುತ್ತದೆ ಎಂಬಂತಹ ವಿವರಗಳಿರುವ ಹಾಳೆಗಳನ್ನು ಮಾತ್ರ ಗೋಪ್ಯವಾಗಿಟ್ಟು, ಉಳಿದದ್ದನ್ನು ಗ್ರಾಮಸಭೆಯಲ್ಲಿ ಓದಿಸಬೇಕು.

ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ. 20ನ್ನು ಹಾನಿ ತಗ್ಗಿಸುವ ಕೆಲಸಗಳಿಗೆ, ಶೇ. 10ನ್ನು ಸಿದ್ಧತೆ ಮತ್ತು ಸಾಮರ್ಥ್ಯ ವೃದ್ಧಿಗೆ ಬೇರ್ಪಡಿಸಿತು. ಪರಿಹಾರದ ಹಣ ಕೇಳಲು ಎಲ್ಲರೂ ಸಾಲುಗಟ್ಟುತ್ತಾರೆ. ವಿದ್ಯುತ್ ಫಲಕವನ್ನು ನಾಲ್ಕಡಿ ಎತ್ತರಿಸಲು, ಆಸ್ಪತ್ರೆಗೆ ಪ್ರತ್ಯೇಕ ಫೀಡರ್ ಎಳೆಯಲು, ಲೈನ್‌ಮನ್‌ಗಳಿಗೆ ವೈರ್‌ಲೆಸ್ ಸೆಟ್ ಕೊಡಿಸಲು ಪ್ರಸ್ತಾವನೆ ಬರೆಯುವವರು ಕಡಿಮೆ. ಪ್ರತಿ ಪ್ರಸ್ತಾವನೆಯಲ್ಲೂ ಮೂರು ಸಾಲು ಸ್ಪಷ್ಟವಾಗಿರಲಿ: ಇದು ನಿಂತರೆ ಎಷ್ಟು ಜನರಿಗೆ ಎಷ್ಟು ಗಂಟೆಯಲ್ಲಿ ತೊಂದರೆ, ಸರಿಪಡಿಸಲು ಎಷ್ಟು ವೆಚ್ಚ, ಸರಿಪಡಿಸಿದ ಮೇಲೆ ಎಷ್ಟು ಗಂಟೆ ತಾಳಿಕೊಳ್ಳುತ್ತದೆ. ಮುಂಗಾರು ಜೂನ್ ಮೊದಲ ವಾರ ಕಾಲಿಡುವುದರಿಂದ ಏಪ್ರಿಲ್ ಕೊನೆಯೊಳಗೆ ಪಂಪ್‌ಹೌಸ್ ಮತ್ತು ಘಾಟಿ ರಸ್ತೆಯ ಕೆಲಸಗಳು, ಮೇ ತಿಂಗಳಲ್ಲಿ ಒಂದು ಅಣಕು ಕಾರ್ಯಾಚರಣೆ ಮುಗಿಯುವಂತೆ ಕಾಲಪಟ್ಟಿ ಹಾಕಿಕೊಳ್ಳಿ. ಕಂಪ್ಯೂಟರ್ ಮತ್ತು ದಾಸ್ತಾನಿನ ತಪಾಸಣೆಯನ್ನು ಮಳೆ ಇಳಿದ ಮೇಲೆ ನವೆಂಬರ್‌ನಲ್ಲಿ ಮಾಡಿ, ಅದರ ಫಲಿತಾಂಶ ಫೆಬ್ರುವರಿಯ ಬಜೆಟ್ ಸಿದ್ಧತೆಗೆ ಸಕಾಲದಲ್ಲಿ ಕೈಸೇರುತ್ತದೆ.